ಥಾಮಸ್ ಪೇನ್: ದೇವರನ್ನು ನಂಬಿದವನು ಸೆಕ್ಯುಲರ್‌ವಾದಿಗಳ ಗುರುವಾದದ್ದು ಹೇಗೆ?

ಧಾರವಾಡದ ಓದುಗ (ಚರ್ಚೆಯ ಆರಂಭ)

ಕಳೆದ ವಾರ ನಮ್ಮ ಓದುಗರ ಕೂಟದಲ್ಲಿ ಫ್ರೆಂಚ್ ಕ್ರಾಂತಿಯ ಮಾತು ನಡೆಯುತ್ತಿದ್ದಾಗ ಒಬ್ಬರು ಥಾಮಸ್ ಪೇನ್‌ನನ್ನು ನಾಸ್ತಿಕರ ಮೂಲಪುರುಷ ಎಂದು ಕರೆದರು. ಇನ್ನೊಬ್ಬರು ಅದಕ್ಕೆ ತಲೆದೂಗಿ, ಇಂದಿನ ಧರ್ಮನಿರಪೇಕ್ಷತೆಯ ಬೇರು ಅವನ ನಾಸ್ತಿಕತೆಯಲ್ಲೇ ಇದೆ ಎಂದರು. ಎರಡೂ ಮಾತು ನನಗೆ ಸರಿಕಾಣಲಿಲ್ಲ. ಅಲ್ಲಿ ಬಿಡಿಸಿ ಹೇಳಲು ಹೊತ್ತು ಸಾಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ, ತಿಳಿದವರು ತಿದ್ದಬೇಕು.

ಪೇನ್ 1737ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಪುರೋಹಿತರಿಲ್ಲದೆ ಪ್ರಾರ್ಥಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ತಾಯಿ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನವರು. ತಂದೆಯಿಂದ ಕಾರ್ಸೆಟ್ ಹೊಲಿಯುವ ಕಸುಬು ಕಲಿತು, ಅದು ಕೈಹತ್ತದೆ ಅಬಕಾರಿ ನೌಕರಿಗೆ ಸೇರಿ, ಆ ನೌಕರಿಯನ್ನೂ ಎರಡು ಸಲ ಕಳೆದುಕೊಂಡು, 1774ರ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಪರಿಚಯಪತ್ರ ಹಿಡಿದು ಫಿಲಡೆಲ್ಫಿಯಾ ತಲುಪಿದಾಗ ಅವನಿಗೆ 37 ವರ್ಷ. 1776ರ ಜನವರಿಯಲ್ಲಿ ಅವನ 'ಕಾಮನ್ ಸೆನ್ಸ್' ಹೊರಬಂತು. ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಬೇರೆಯಾಗಲೇಬೇಕು ಎಂದು ವಾದಿಸಿದ ಆ ಕಿರುಹೊತ್ತಗೆಯಲ್ಲಿ ಅರಸೊತ್ತಿಗೆಯ ವಿರುದ್ಧ ಅವನು ಬಳಸಿದ ಮುಖ್ಯ ಆಯುಧಗಳಲ್ಲಿ ಒಂದು ಬೈಬಲ್ಲೇ ಎಂಬುದನ್ನು ನಾವು ಮರೆಯುತ್ತೇವೆ. ತಮಗೊಬ್ಬ ಅರಸ ಬೇಕೆಂದು ಹಟ ಹಿಡಿದ ಇಸ್ರೇಲಿನ ಜನರಿಗೆ ಪ್ರವಾದಿ ಸಮುವೇಲನು ಕೊಟ್ಟ ಎಚ್ಚರಿಕೆಯನ್ನು ಅವನು ಪುಟಗಟ್ಟಲೆ ಉಲ್ಲೇಖಿಸುತ್ತಾನೆ.

ಅವನಿಗೆ ನಾಸ್ತಿಕನೆಂಬ ಹೆಸರು ತಂದದ್ದು 1794ರಲ್ಲಿ ಮೊದಲ ಭಾಗ ಪ್ರಕಟವಾದ 'ದಿ ಏಜ್ ಆಫ್ ರೀಸನ್'. ಬೈಬಲ್ ದೇವರ ವಾಣಿಯಲ್ಲ, ಪವಾಡಗಳು ಕಟ್ಟುಕತೆ, ಪುರೋಹಿತಶಾಹಿ ಒಂದು ವ್ಯಾಪಾರ ಎಂದು ಅದು ಸಾರಿತು ನಿಜ. ಆದರೆ ಆ ಪುಸ್ತಕದ ಆರಂಭದಲ್ಲೇ ಅವನು ತಾನು ಒಬ್ಬನೇ ದೇವರನ್ನು ನಂಬುತ್ತೇನೆ, ಈ ಬದುಕಿನಾಚೆಗೂ ಸುಖವಿದೆ ಎಂದು ಆಶಿಸುತ್ತೇನೆ, ನನ್ನ ಮನಸ್ಸೇ ನನ್ನ ಚರ್ಚು ಎಂದು ಬರೆದಿದ್ದಾನೆ. ಫ್ರಾನ್ಸಿನ ಜನ ನಾಸ್ತಿಕತೆಯತ್ತ ತಲೆಕೆಳಗಾಗಿ ಓಡುತ್ತಿದ್ದರು, ಅವರನ್ನು ತಡೆಯಲೆಂದೇ ಅದನ್ನು ಫ್ರೆಂಚಿಗೆ ಅನುವಾದಿಸಿ ಪ್ರಕಟಿಸಿದೆ ಎಂದು 1803ರಲ್ಲಿ ಸ್ಯಾಮ್ಯುಯೆಲ್ ಆಡಮ್ಸ್‌ಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ಹಾಗಾದರೆ ಸೆಕ್ಯುಲರ್ ವಿಚಾರಕ್ಕೆ ಅವನ ಕೊಡುಗೆ ಏನು? ನನ್ನ ಉತ್ತರ 'ಏಜ್ ಆಫ್ ರೀಸನ್'ನಲ್ಲಿಲ್ಲ, ಅದಕ್ಕಿಂತ ಮೂರು ವರ್ಷ ಮೊದಲು, 1791ರಲ್ಲಿ, ಫ್ರೆಂಚ್ ಕ್ರಾಂತಿಯನ್ನು ಖಂಡಿಸಿದ್ದ ಎಡ್ಮಂಡ್ ಬರ್ಕ್‌ಗೆ ಉತ್ತರವಾಗಿ ಬರೆದ 'ರೈಟ್ಸ್ ಆಫ್ ಮ್ಯಾನ್'ನಲ್ಲಿದೆ. ಅಲ್ಲಿಯ ಮಾತನ್ನು ನನ್ನ ಕನ್ನಡದಲ್ಲಿ ಕೊಡುವುದಾದರೆ: ಸಹಿಷ್ಣುತೆಯು ಅಸಹಿಷ್ಣುತೆಗೆ ವಿರುದ್ಧವಾದದ್ದಲ್ಲ, ಅದರದೇ ಖೋಟಾ ನಾಣ್ಯ, ಎರಡೂ ದಬ್ಬಾಳಿಕೆಗಳೇ, ಒಂದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ತಡೆಹಿಡಿಯುವ ಹಕ್ಕು ತನಗಿದೆ ಎನ್ನುತ್ತದೆ, ಇನ್ನೊಂದು ಅದನ್ನು ದಯಪಾಲಿಸುವ ಹಕ್ಕು ತನಗಿದೆ ಎನ್ನುತ್ತದೆ. ಇದರ ಬೆನ್ನಿಗೇ ಒಂದು ಕುಚೋದ್ಯವಿದೆ. ಯಹೂದಿಯ ಅಥವಾ ತುರ್ಕನ ಪೂಜೆಯನ್ನು ಸ್ವೀಕರಿಸಲು ಸರ್ವಶಕ್ತನಾದ ದೇವರಿಗೆ ಅನುಮತಿ ನೀಡುವ ಮಸೂದೆಯೊಂದನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದರೆ ಎಲ್ಲರೂ ಬೆಚ್ಚಿಬಿದ್ದು ಅದನ್ನು ದೈವನಿಂದೆ ಎನ್ನುವುದಿಲ್ಲವೇ ಎಂದು ಅವನು ಕೇಳುತ್ತಾನೆ. ಈ ವಾದ ನಿಂತಿರುವುದೇ ದೇವರ ಮೇಲಿನ ಗೌರವದ ಮೇಲೆ. ಮನುಷ್ಯನಿಗೂ ದೇವರಿಗೂ ನಡುವೆ ತೂರಿಕೊಳ್ಳಲು ಸರಕಾರಕ್ಕೆ ಅಧಿಕಾರ ಕೊಟ್ಟವರು ಯಾರು ಎಂಬುದು ಅವನ ಪ್ರಶ್ನೆ.

ಹಳೆಯ ಮೇಷ್ಟ್ರು

ಬರಹ ಚೆನ್ನಾಗಿದೆ, ಆದರೆ ಕೊಡುಗೆ ಎಂಬ ಪದ ಸ್ವಲ್ಪ ಉದಾರವಾಯಿತು. ಜಾನ್ ಲಾಕ್‌ನ ಸಹಿಷ್ಣುತೆಯ ಕುರಿತ ಪತ್ರ 1689ರದು. ಜೆಫರ್ಸನ್ ರಚಿಸಿದ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಶಾಸನ 1786ರಲ್ಲೇ ಅಂಗೀಕಾರವಾಗಿತ್ತು. ಬೈಬಲ್ಲಿನ ಪವಾಡಗಳನ್ನು ಪ್ರಶ್ನಿಸಿದ ಇಂಗ್ಲಿಷ್ ದೇವವಾದಿಗಳ (ಸೃಷ್ಟಿಕರ್ತನನ್ನು ಒಪ್ಪಿ ಧರ್ಮಗ್ರಂಥವನ್ನು ಒಪ್ಪದವರ) ಒಂದು ಸಾಲೇ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಆಗಿಹೋಗಿದೆ. ಪೇನ್ ಹೇಳಿದ್ದರಲ್ಲಿ ಅವನಿಗಿಂತ ಮೊದಲು ಯಾರೂ ಹೇಳದೆ ಇದ್ದದ್ದು ಬಹಳ ಕಡಿಮೆ. ಅವನು ಚಿಂತಕ ಎನ್ನುವುದಕ್ಕಿಂತ ಅಪ್ರತಿಮ ಪ್ರಚಾರಕ ಎನ್ನುವುದು ಹೆಚ್ಚು ಪ್ರಾಮಾಣಿಕವಾದೀತು.

'ಸಹಿಷ್ಣುತೆ' ಎಂಬ ನಿಮ್ಮ ಅನುವಾದದ ಬಗ್ಗೆಯೂ ನನಗೊಂದು ತಕರಾರಿದೆ. ಅದನ್ನು ಆಮೇಲೆ ಬರೆಯುತ್ತೇನೆ. ಸಂಜೆಯ ವಾಕಿಂಗಿಗೆ ಹೊತ್ತಾಯಿತು.

ಅಚ್ಚುಮೊಳೆ

ಮೇಷ್ಟ್ರೇ, ಹೊಸದೇನನ್ನೂ ಹೇಳದಿದ್ದವನ ಪುಸ್ತಕ ಮಾರಿದ್ದಕ್ಕೆ ಮೂವತ್ತು ವರ್ಷಗಳ ಕಾಲ ಜನ ಜೈಲಿಗೆ ಹೋದದ್ದು ಏಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅವನ ಪ್ರಭಾವ ಎಂಥದು ಎಂಬುದೂ ತಿಳಿಯುತ್ತದೆ ಎಂದು ನನಗನಿಸುತ್ತದೆ.

ನಾನು ಹುಡುಗನಾಗಿದ್ದಾಗ ಮೊಳೆ ಜೋಡಿಸುವ ಒಂದು ಮುದ್ರಣಾಲಯದಲ್ಲಿ ಆರು ವರ್ಷ ಕೆಲಸ ಮಾಡಿದವನು. ಒಂದು ಸಾಲನ್ನು ಕಡ್ಡಿಯಲ್ಲಿ ಉಲ್ಟಾ ಜೋಡಿಸಿ, ಫಾರಂ ಬಿಗಿದು, ಕರಡಚ್ಚು ತೆಗೆಯುವಷ್ಟರಲ್ಲಿ ಬರೆದವರ ಭಾಷೆ ಎಂಥದು ಎಂಬುದು ಬೆರಳಿಗೆ ತಿಳಿದುಬಿಡುತ್ತಿತ್ತು. ಕೆಲವರ ವಾಕ್ಯ ಜೋಡಿಸುವಾಗ ಕೈ ತಡವರಿಸುತ್ತಿತ್ತು, ಕೆಲವರದು ತಾನೇ ಸಾಗುತ್ತಿತ್ತು. ಪೇನ್‌ನ ಇಂಗ್ಲಿಷ್ ಎರಡನೆಯ ಬಗೆಯದು. ಲ್ಯಾಟಿನ್ ಉದ್ಧರಣೆಗಳಿಲ್ಲ, ಪಾಂಡಿತ್ಯದ ಭಾರವಿಲ್ಲ. ಒಬ್ಬ ಓದಿದರೆ ಪಕ್ಕದಲ್ಲಿ ಕುಳಿತ ಅನಕ್ಷರಸ್ಥನಿಗೂ ಅರ್ಥವಾಗುವ ಮಾತು. ಪ್ರಭುತ್ವ ಹೆದರಿದ್ದು ವಿಚಾರಕ್ಕಲ್ಲ, ಈ ಭಾಷೆಗೆ ಮತ್ತು ಪುಸ್ತಕದ ಬೆಲೆಗೆ.

ಇದನ್ನು ಸರಕಾರದ ವಕೀಲರೇ ಒಪ್ಪಿಕೊಂಡಿದ್ದಾರೆ. 'ರೈಟ್ಸ್ ಆಫ್ ಮ್ಯಾನ್'ನ ಮೊದಲ ಭಾಗ ಮೂರು ಷಿಲಿಂಗಿಗೆ ಮಾರಾಟವಾಗುತ್ತಿದ್ದಾಗ ಅದರ ಮೇಲೆ ಮೊಕದ್ದಮೆ ಹೂಡಲಿಲ್ಲ. 1792ರ ಡಿಸೆಂಬರಿನಲ್ಲಿ ಎರಡನೆಯ ಭಾಗದ ಮೇಲೆ ವಿಚಾರಣೆ ನಡೆದಾಗ ಅಟಾರ್ನಿ ಜನರಲ್ ಕೊಟ್ಟ ವಿವರಣೆ ಹೀಗಿತ್ತು: ಮೊದಲ ಭಾಗವನ್ನು ವಿವೇಕಿಗಳು ಮಾತ್ರ ಓದಿಯಾರು ಎಂದು ಸುಮ್ಮನಿದ್ದೆ, ಈ ಭಾಗವನ್ನಾದರೋ ಎಲ್ಲ ಬಗೆಯ ಜನರ ಕೈಗೆ ತುರುಕಲಾಗುತ್ತಿದೆ, ಮಕ್ಕಳ ಮಿಠಾಯಿಯನ್ನು ಕೂಡ ಇದರ ಹಾಳೆಯಲ್ಲಿ ಕಟ್ಟಿಕೊಡುತ್ತಿದ್ದಾರೆ. ಆ ಹೊತ್ತಿಗೆ ಪೇನ್ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಆಯ್ಕೆಯಾಗಿ ಹೊರಟುಹೋಗಿದ್ದ. ಗೈರುಹಾಜರಿಯಲ್ಲೇ ಅವನು ಅಪರಾಧಿಯಾದ. ಆ ಚಳಿಗಾಲ ಇಂಗ್ಲೆಂಡಿನ ಊರೂರುಗಳಲ್ಲಿ ಅವನ ಪ್ರತಿಕೃತಿಗಳನ್ನು ಸುಟ್ಟರು.

ನಿಜವಾದ ಕಥೆ ಶುರುವಾಗುವುದು ಅವನು 1809ರಲ್ಲಿ ಸತ್ತ ಮೇಲೆ. ರಿಚರ್ಡ್ ಕಾರ್ಲೈಲ್ ಎಂಬ ತಗಡಿನ ಕೆಲಸಗಾರ ಪ್ರಕಾಶಕನಾಗಿ ಮಾರ್ಪಟ್ಟು 'ಏಜ್ ಆಫ್ ರೀಸನ್' ಅಚ್ಚು ಹಾಕಿದ. 1819ರಲ್ಲಿ ಅವನ ಮೇಲೆ ದೈವನಿಂದೆಯ ವಿಚಾರಣೆ ನಡೆದಾಗ ಅವನು ಮಾಡಿದ ಉಪಾಯ ನೋಡಿ: ಪ್ರತಿವಾದದ ನೆಪದಲ್ಲಿ ಇಡೀ ಪುಸ್ತಕವನ್ನು ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿದ. ವಿಚಾರಣೆಯ ವರದಿಯ ಭಾಗವಾಗಿ ಅದನ್ನು ಮತ್ತೆ ಅಚ್ಚು ಹಾಕುವ ದಾರಿ ಹೀಗೆ ತೆರೆಯಿತು. ಮೂರು ವರ್ಷ ಸೆರೆ ಮತ್ತು 1,500 ಪೌಂಡ್ ದಂಡ ಬಿತ್ತು; ದಂಡ ಕಟ್ಟದ ಕಾರಣ ಡಾರ್ಚೆಸ್ಟರ್ ಜೈಲಿನಲ್ಲಿ ಆರು ವರ್ಷ ಕಳೆದ. ಅಂಗಡಿಗೆ ಹೆಂಡತಿ ಜೇನ್ ಕುಳಿತಳು, ಅವಳನ್ನೂ ಹಿಡಿದರು. ತಂಗಿ ಮೇರಿ ಆ್ಯನ್ ಕುಳಿತಳು, ಅವಳನ್ನೂ ಹಿಡಿದರು. ಆಮೇಲೆ ಬೇರೆ ಬೇರೆ ಊರುಗಳಿಂದ ಕೆಲಸಗಾರರು ಸರದಿಯ ಮೇಲೆ ಬಂದು ಗಲ್ಲೆಯಲ್ಲಿ ಕುಳಿತು ಜೈಲಿಗೆ ಹೋಗತೊಡಗಿದರು. ನಾಟಿಂಗ್‌ಹ್ಯಾಮಿನಿಂದ ಬಂದ ಲೇಸ್ ಕೆಲಸದ ಸುಸಾನಾ ರೈಟ್ ತನ್ನ ವಾದವನ್ನು ತಾನೇ ಮಂಡಿಸಿ ಸೆರೆಮನೆ ಸೇರಿದಳು.

ಮಾರಿದವರು ಯಾರೆಂದು ಪೊಲೀಸ್ ಗೂಢಚಾರರು ಸಾಕ್ಷಿ ಹೇಳಬಾರದು ಎಂದು ಕಾರ್ಲೈಲ್‌ನ ಅಂಗಡಿಯಲ್ಲಿ ಒಂದು ಯಂತ್ರ ಇಟ್ಟರು. ಗಡಿಯಾರದ ಮುಖದಂತಹ ಒಂದು ಫಲಕ, ಅದರ ಸುತ್ತ ಪುಸ್ತಕಗಳ ಹೆಸರು. ಗಿರಾಕಿ ಮುಳ್ಳನ್ನು ತನಗೆ ಬೇಕಾದ ಹೆಸರಿಗೆ ತಿರುಗಿಸಿ ದುಡ್ಡು ಹಾಕಿದರೆ ಗೋಡೆಯ ಆಚೆಯಿಂದ ಪುಸ್ತಕ ಜಾರಿ ಬೀಳುತ್ತಿತ್ತು. ಮಾರಿದ ಮನುಷ್ಯನ ಮುಖ ಕಾಣುತ್ತಿರಲಿಲ್ಲ. ಮುದ್ರಣಾಲಯದಲ್ಲಿ ಬೆಳೆದವನಿಗೆ ಈ ಯಂತ್ರ ಓದಿ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಆದರೂ ಸಿಕ್ಕಿಬಿದ್ದರು ಎನ್ನುವುದು ಬೇರೆ ಮಾತು.

ವಕೀಲರ ಕೋಣೆಯಿಂದ

ಅಚ್ಚುಮೊಳೆಯವರ ಬರಹಕ್ಕೆ ಒಂದು ಪೂರಕ. 1792ರಲ್ಲಿ ಪೇನ್ ಪರವಾಗಿ ವಾದಿಸಿದವರು ಥಾಮಸ್ ಅರ್ಸ್ಕಿನ್. ಪತ್ರಿಕಾ ಸ್ವಾತಂತ್ರ್ಯದ ಕುರಿತು ಅವರು ಅಂದು ಆಡಿದ ಮಾತು ಹೆಸರಾಯಿತು. ಹಾಗೆ ವಾದಿಸಿದ್ದಕ್ಕೆ ವೇಲ್ಸ್ ರಾಜಕುಮಾರನ ಬಳಿ ಇದ್ದ ಹುದ್ದೆಯನ್ನು ಅವರು ಕಳೆದುಕೊಂಡರು. ಐದು ವರ್ಷಗಳ ನಂತರ, 1797ರಲ್ಲಿ, ಥಾಮಸ್ ವಿಲಿಯಮ್ಸ್ ಎಂಬ ಬಡ ಪುಸ್ತಕ ವ್ಯಾಪಾರಿ 'ಏಜ್ ಆಫ್ ರೀಸನ್' ಮಾರಿದ್ದಕ್ಕೆ ಕಟಕಟೆ ಹತ್ತಿದಾಗ ಆರೋಪದ ಪರ ವಾದಿಸಿದವರೂ ಇದೇ ಅರ್ಸ್ಕಿನ್. ರಾಜನನ್ನು ಟೀಕಿಸುವ ಸ್ವಾತಂತ್ರ್ಯಕ್ಕಾಗಿ ಹುದ್ದೆ ಬಿಡಲು ಸಿದ್ಧರಿದ್ದ ಉದಾರವಾದಿಗೂ ಬೈಬಲ್ಲನ್ನು ಟೀಕಿಸುವ ಸ್ವಾತಂತ್ರ್ಯ ಒಪ್ಪಿತವಾಗಿರಲಿಲ್ಲ. ರಾಜಕೀಯ ತೀವ್ರವಾದಕ್ಕೂ ಧಾರ್ಮಿಕ ವಿಮರ್ಶೆಗೂ ನಡುವೆ ಇದ್ದ ಗೆರೆ ಎಷ್ಟು ಆಳದ್ದು ಎಂಬುದು ಒಬ್ಬನೇ ವಕೀಲನ ಎರಡು ಮೊಕದ್ದಮೆಗಳಲ್ಲಿ ಕಾಣುತ್ತದೆ.

ಮೊಕದ್ದಮೆ ಗೆದ್ದ ಮೇಲೆ ಅರ್ಸ್ಕಿನ್ ದಾರಿಯಲ್ಲಿ ನಡೆಯುತ್ತಿದ್ದಾಗ ಒಬ್ಬ ಹೆಂಗಸು ಅವರ ಕೋಟು ಹಿಡಿದೆಳೆದು ಒಂದು ಗುಡಿಸಲಿಗೆ ಕರೆದೊಯ್ದಳಂತೆ. ಒಳಗೆ ಸಿಡುಬು ಬಂದು ಮಲಗಿದ ಮಕ್ಕಳು, ಪಕ್ಕದಲ್ಲಿ ಕಿರುಹೊತ್ತಗೆಗಳನ್ನು ಹೊಲಿಯುತ್ತಾ ಕುಳಿತ ವಿಲಿಯಮ್ಸ್. ಅವನು ಹೊಲಿಯುತ್ತಿದ್ದದ್ದು ಧಾರ್ಮಿಕ ಪ್ರಚಾರದ ಹೊತ್ತಗೆಗಳನ್ನು. ಶಿಕ್ಷೆ ಸಡಿಲಿಸಿ ಎಂದು ಅರ್ಸ್ಕಿನ್ ತಮ್ಮ ಕಕ್ಷಿದಾರರಾದ ಧರ್ಮರಕ್ಷಕ ಸಂಘದವರನ್ನು ಕೇಳಿಕೊಂಡರು. ಅವರು ಒಪ್ಪದಿದ್ದಾಗ ವಕಾಲತ್ತು ಬಿಟ್ಟರು. ಇದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ವಿಲಿಯಮ್ಸ್‌ಗೆ ಒಂದು ವರ್ಷ ಸೆರೆಯಾಯಿತು.

ಸೆಕ್ಯುಲರಿಸಂ ಎಂಬ ಪದವನ್ನು ಟಂಕಿಸಿದ ಜಾರ್ಜ್ ಜೇಕಬ್ ಹೋಲಿಯೋಕ್ ಕೂಡ ಇದೇ ಪರಂಪರೆಯವನು. 1842ರಲ್ಲಿ ಒಂದು ಉಪನ್ಯಾಸದ ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರಕ್ಕಾಗಿ ಆರು ತಿಂಗಳು ಸೆರೆವಾಸ ಅನುಭವಿಸಿದ. 1851ರಲ್ಲಿ ಅವನು ಆ ಪದ ಬಳಕೆಗೆ ತಂದದ್ದೇ ತನ್ನ ನಿಲುವನ್ನು ನಾಸ್ತಿಕತೆಯಿಂದ ಪ್ರತ್ಯೇಕಿಸಲು. ಅನಂತರ ಚಾರ್ಲ್ಸ್ ಬ್ರ್ಯಾಡ್ಲಾ ಬಂದ. ಅವನು ಸ್ಥಾಪಿಸಿದ ನ್ಯಾಷನಲ್ ಸೆಕ್ಯುಲರ್ ಸೊಸೈಟಿ 1866ರದು. 1880ರಲ್ಲಿ ನಾರ್ತಾಂಪ್ಟನ್ನಿನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ಅವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ದೃಢೀಕರಣ ಮಾಡುತ್ತೇನೆ ಎಂದ, ಸದನ ಒಪ್ಪಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದ ಅವನನ್ನು ಆರು ವರ್ಷ ಹೊರಗಿಟ್ಟರು. 1888ರ ಪ್ರಮಾಣ ಕಾಯ್ದೆ ಅವನ ಹೋರಾಟದ ಫಲ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ಸತ್ಯನಿಷ್ಠೆಯಿಂದ ದೃಢೀಕರಣ ಎಂಬ ಎರಡು ದಾರಿಗಳಿವೆಯಲ್ಲ, ಅದನ್ನು ಓದುವಾಗಲೆಲ್ಲ ನನಗೆ ಬ್ರ್ಯಾಡ್ಲಾ ನೆನಪಾಗುತ್ತಾನೆ. ಅವನು 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯವರು 1891ರಲ್ಲಿ ಅವನ ಅಂತ್ಯಕ್ರಿಯೆಗೆ ಹೋಗಿದ್ದರು.

ಪೇನ್‌ಗೆ ನಾಸ್ತಿಕನೆಂಬ ಹಣೆಪಟ್ಟಿ ಏಕೆ ಅಂಟಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅವನ ಪುಸ್ತಕವನ್ನು ಹೊತ್ತು ಸಾಗಿದ ಕಾರ್ಲೈಲ್, ಬ್ರ್ಯಾಡ್ಲಾ ಮುಂತಾದವರು ಒಬ್ಬೊಬ್ಬರಾಗಿ ನಾಸ್ತಿಕರಾದರು. ಹೊತ್ತವರ ಬಣ್ಣ ಪುಸ್ತಕಕ್ಕೂ ಹತ್ತಿತು. ಥಿಯೋಡರ್ ರೂಸ್‌ವೆಲ್ಟ್ 1888ರಲ್ಲಿ ಅವನನ್ನು 'ಕೊಳಕು ಪುಟ್ಟ ನಾಸ್ತಿಕ' ಎಂದು ಬರೆದರು. ಪುಸ್ತಕದ ಮೊದಲ ಪುಟಗಳನ್ನಾದರೂ ಅವರು ತೆರೆದು ನೋಡಬಹುದಿತ್ತು.

ನಿವೃತ್ತ ಶಿರಸ್ತೇದಾರ

ಎಲ್ಲರೂ ಧರ್ಮದ ಸುತ್ತಲೇ ತಿರುಗುತ್ತಿದ್ದೀರಿ. ಪೇನ್ ರಾಡಿಕಲ್ ಎನಿಸಿದ್ದು ಹೊಟ್ಟೆಯ ಪ್ರಶ್ನೆಯಲ್ಲಿ. 'ರೈಟ್ಸ್ ಆಫ್ ಮ್ಯಾನ್'ನ ಎರಡನೆಯ ಭಾಗದಲ್ಲಿ ಅವನು ಲೆಕ್ಕಪತ್ರವನ್ನೇ ಹಾಕಿ ತೋರಿಸುತ್ತಾನೆ: ಬಡ ಕುಟುಂಬಗಳ ಹದಿನಾಲ್ಕು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 4 ಪೌಂಡ್, ಐವತ್ತು ದಾಟಿದ ಬಡವರಿಗೆ 6 ಪೌಂಡ್, ಅರವತ್ತು ದಾಟಿದವರಿಗೆ 10 ಪೌಂಡ್, ದೊಡ್ಡ ಜಮೀನ್ದಾರಿಯ ಮೇಲೆ ಏರುತ್ತಾ ಹೋಗುವ ತೆರಿಗೆ. 1797ರ 'ಅಗ್ರೇರಿಯನ್ ಜಸ್ಟಿಸ್'ನಲ್ಲಿ ಇನ್ನೂ ಮುಂದೆ ಹೋಗಿ, ಭೂಮಿ ಮೂಲತಃ ಎಲ್ಲರದು, ಅದನ್ನು ಬೇಲಿ ಹಾಕಿಕೊಂಡವರು ಉಳಿದವರಿಗೆ ಬಾಡಿಗೆ ಕೊಡಬೇಕು ಎಂದು ವಾದಿಸಿ, ಇಪ್ಪತ್ತೊಂದು ತುಂಬಿದ ಎಲ್ಲರಿಗೂ 15 ಪೌಂಡ್, ಐವತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ 10 ಪೌಂಡ್ ಕೊಡುವ ನಿಧಿಯನ್ನು ಸೂಚಿಸಿದ. ತಾನು ಕೇಳುತ್ತಿರುವುದು ದಾನವಲ್ಲ, ಹಕ್ಕು ಎಂದು ಅವನು ಒತ್ತಿ ಹೇಳಿದ.

ನಾನು ತಾಲ್ಲೂಕು ಕಚೇರಿಯಲ್ಲಿ ಹಲವು ವರ್ಷ ವೃದ್ಧಾಪ್ಯ ವೇತನದ ಕಡತ ನೋಡಿದವನು. ಮೇಜಿನ ಮುಂದೆ ಬಂದು ನಿಲ್ಲುವ ಅಜ್ಜಿಯರು ಸೆರಗಿನ ಗಂಟಿನಿಂದ ಮಡಿಸಿದ ಅರ್ಜಿ ತೆಗೆದು, ಎರಡೂ ಕೈ ಮುಗಿದು, "ಪುಣ್ಯ ಬರ್ತದೆ ಕಣಪ್ಪ, ಮಂಜೂರು ಮಾಡಿಸಿಕೊಡು" ಎನ್ನುತ್ತಿದ್ದರು. ಅದು ಅವರದೇ ಹಣ, ನನ್ನ ಪುಣ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಈಗ ಧಾರವಾಡದವರು ಕೊಟ್ಟ ಆ ಸಹಿಷ್ಣುತೆಯ ವಾಕ್ಯ ಓದಿದಾಗ ಹೊಳೆಯಿತು: ಬಡವನಿಗೆ ದಾನ ಹೇಗೋ ಅಂತಃಸಾಕ್ಷಿಗೆ ಸಹಿಷ್ಣುತೆ ಹಾಗೆ. ಎರಡರಲ್ಲೂ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಪೇನ್ ಧರ್ಮದಲ್ಲಿ ಒಂದು, ಆರ್ಥಿಕತೆಯಲ್ಲಿ ಇನ್ನೊಂದು ಹೇಳಿದವನಲ್ಲ. ಒಂದೇ ತರ್ಕವನ್ನು ಎರಡು ಕಡೆ ಹೂಡಿದ. ಅವನ ನಂತರದವರು ಅದನ್ನು ಒಡೆದು ಹಂಚಿಕೊಂಡರು. ಬ್ರಿಟನ್ನಿನ ಕಾರ್ಮಿಕರ ಮತದಾನ ಚಳವಳಿಯವರಾದ ಚಾರ್ಟಿಸ್ಟರಲ್ಲಿ ಬಹುಮಂದಿ ಅವನ ಹುಟ್ಟುಹಬ್ಬವಾದ ಜನವರಿ 29ಕ್ಕೆ ಔತಣ ಮಾಡಿ ಮತದಾನದ ಹಕ್ಕು ಕೇಳಿದರು, ಬೈಬಲ್ಲಿನ ತಂಟೆಗೆ ಹೋಗಲಿಲ್ಲ. ಬ್ರ್ಯಾಡ್ಲಾ ಬೈಬಲ್ಲನ್ನು ಎದುರಿಸಿದ, ಸಮಾಜವಾದವನ್ನು ಮಾತ್ರ ಕೊನೆಯವರೆಗೂ ವಿರೋಧಿಸಿದ.

ಪುಣೆಯಲ್ಲಿ ಓದಿದವಳು

ಭಾರತದ ಮಾತು ಬಂದದ್ದರಿಂದ ಎರಡು ಸಂಗತಿ. 1830ರ ಸುಮಾರಿಗೆ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ತರುಣ ಅಧ್ಯಾಪಕ ಡಿರೋಜಿಯೊ ಅವರ ಪ್ರಭಾವಕ್ಕೆ ಒಳಗಾಗಿದ್ದ ಹುಡುಗರು ಪೇನ್‌ನನ್ನು ಮುಗಿಬಿದ್ದು ಓದುತ್ತಿದ್ದರು. ಅಮೆರಿಕದಿಂದ ಹಡಗಿನಲ್ಲಿ ಬಂದ 'ಏಜ್ ಆಫ್ ರೀಸನ್' ಪ್ರತಿಗಳು ಮೊದಲು ಒಂದು ರೂಪಾಯಿಗೆ ಮಾರಾಟವಾಗುತ್ತಿದ್ದು, ಬೇಡಿಕೆ ಹೆಚ್ಚಿ ಐದು ರೂಪಾಯಿಗೆ ಏರಿದವು ಎಂದು ದುಃಖದಿಂದ ಬರೆದವರು ಮಿಷನರಿ ಅಲೆಕ್ಸಾಂಡರ್ ಡಫ್. ಅಚ್ಚುಮೊಳೆಯವರ ಅಗ್ಗದ ಬೆಲೆಯ ವಾದಕ್ಕೆ ಕಲ್ಕತ್ತೆ ಒಂದು ಸಣ್ಣ ಅಪವಾದ ಎನ್ನಿ.

ಎರಡನೆಯದು ಜೋತಿಬಾ ಫುಲೆಯವರದು. 1847ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಅವರು 'ರೈಟ್ಸ್ ಆಫ್ ಮ್ಯಾನ್' ಓದಿದರು. ಮರುವರ್ಷ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಓದಿದ್ದಕ್ಕೇ ಶಾಲೆ ತೆರೆದರು ಎಂದು ನಾನು ಹೇಳುವುದಿಲ್ಲ; ಜಾತಿಯ ಅವಮಾನ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಆದರೆ 1873ರ 'ಗುಲಾಮಗಿರಿ'ಯನ್ನು ಅವರು ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು, ಅದೇ ವರ್ಷ ಸತ್ಯಶೋಧಕ ಸಮಾಜ ಸ್ಥಾಪಿಸಿದರು. ಅವರ ಮರಣಾನಂತರ 1891ರಲ್ಲಿ ಪ್ರಕಟವಾದ 'ಸಾರ್ವಜನಿಕ ಸತ್ಯಧರ್ಮ'ದಲ್ಲಿ ಬರುವ 'ನಿರ್ಮಿಕ' ಎಂಬ ಸೃಷ್ಟಿಕರ್ತನ ಕಲ್ಪನೆ ಪೇನ್‌ನ ದೇವರಿಗೆ ಬಹಳ ಹತ್ತಿರ: ಸೃಷ್ಟಿಸಿದ, ಎಲ್ಲರಿಗೂ ಸಮಾನ ಹಕ್ಕು ಕೊಟ್ಟ, ನಡುವೆ ಪುರೋಹಿತನನ್ನು ನೇಮಿಸಲಿಲ್ಲ. ಧರ್ಮವಿಮರ್ಶೆಯನ್ನೂ ರೈತನ ಹೊಟ್ಟೆಯನ್ನೂ ಬೇರೆ ಮಾಡದೆ ಒಟ್ಟಿಗೆ ಹಿಡಿದವರು ಫುಲೆಯವರೇ ಎಂದು ಶಿರಸ್ತೇದಾರರ ಮಾತಿಗೆ ಸೇರಿಸುತ್ತೇನೆ. ಆ ಚಳವಳಿಯ ಅಲೆ ಕೊಲ್ಹಾಪುರದ ಶಾಹು ಮಹಾರಾಜರ ಕಾಲಕ್ಕೆ ಬೆಳಗಾವಿ, ಹುಬ್ಬಳ್ಳಿಯ ಕಡೆಗೂ ಬಂತು.

ಅಚ್ಚುಮೊಳೆ

ಮೇಡಂ, ಐದು ರೂಪಾಯಿಯ ಅಪವಾದವನ್ನು ಒಪ್ಪಿಕೊಂಡೆ. ಇಲ್ಲಿ ಯಾರಾದರೂ ಬಸವಣ್ಣನವರನ್ನೂ ಪೇನ್‌ನನ್ನೂ ಹೋಲಿಸಲು ಹೊರಡುವ ಮೊದಲೇ ಒಂದು ವಿನಂತಿ: ಆ ಹೋಲಿಕೆಗೆ ಬೇರೆ ಎಳೆ ತೆರೆಯಿರಿ. ಒಬ್ಬರು ಇನ್ನೊಬ್ಬರನ್ನು ಓದಿದ್ದಕ್ಕೆ ಆಧಾರ ಇರುವ ಕಡೆ ಮಾತ್ರ ಪ್ರಭಾವ ಎನ್ನೋಣ.

ಹಳೆಯ ಮೇಷ್ಟ್ರು

ವಾಕಿಂಗಿನಿಂದ ಬಂದು ಎಲ್ಲವನ್ನೂ ಓದಿದೆ. ಪ್ರಚಾರಕ ಎಂಬ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಲಾಕ್‌ನನ್ನು ಮುಂದಿಟ್ಟದ್ದು ನನ್ನ ವಾದಕ್ಕೇ ತಿರುಗಿಬಿತ್ತು. ಲಾಕ್ ನಾಸ್ತಿಕರನ್ನು ಸಹಿಸಕೂಡದು ಎಂದವನು; ಯಾರನ್ನು ಸಹಿಸಬೇಕು, ಯಾರನ್ನು ಬಾರದು ಎಂದು ಪಟ್ಟಿ ಮಾಡುವ ಆ ಅಧಿಕಾರವನ್ನೇ ಪೇನ್ ನಿರಾಕರಿಸಿದ್ದು.

ಇನ್ನು ಅನುವಾದದ ತಕರಾರು. ಕನ್ನಡದಲ್ಲಿ ಸಹನೆ, ಸಹಿಷ್ಣುತೆ ಎಂದರೆ ಒಂದು ಗುಣ. ಸಹನೆಯುಳ್ಳವಳು ಎಂದರೆ ಹೊಗಳಿಕೆ. ಆದ್ದರಿಂದ ಸಹಿಷ್ಣುತೆಯೂ ದಬ್ಬಾಳಿಕೆ ಎಂದು ಕನ್ನಡದಲ್ಲಿ ಓದಿದವನಿಗೆ ಪೇನ್ ಒಳ್ಳೆಯ ಗುಣವೊಂದನ್ನು ಹಳಿಯುತ್ತಿದ್ದಾನೆ ಎನಿಸುತ್ತದೆ. ಅವನ ಕಿವಿಯಲ್ಲಿ ಆ ಇಂಗ್ಲಿಷ್ ಪದ ಹಾಗೆ ಕೇಳುತ್ತಿರಲಿಲ್ಲ. ಅದು 1689ರ ಟಾಲರೇಷನ್ ಕಾಯ್ದೆಯ ಹೆಸರು. ಆ ಕಾಯ್ದೆಯ ಪ್ರಕಾರ ಅಧಿಕೃತ ಚರ್ಚಿನಿಂದ ಹೊರಗಿದ್ದ ಪ್ರೊಟೆಸ್ಟೆಂಟರು ನಿಗದಿತ ಪ್ರಮಾಣಗಳನ್ನು ಮಾಡಿ ತಮ್ಮ ಪ್ರಾರ್ಥನಾಸ್ಥಳವನ್ನು ನೋಂದಾಯಿಸಿದರೆ ಶಿಕ್ಷೆಯಿಂದ ವಿನಾಯಿತಿ ಸಿಗುತ್ತಿತ್ತು, ಕ್ಯಾಥೊಲಿಕರಿಗೆ ಸಿಗುತ್ತಿರಲಿಲ್ಲ. ಪೇನ್‌ನ ತಂದೆಯಂತಹ ಕ್ವೇಕರರು ಪ್ರಾರ್ಥನೆಗೆ ಕೂರುತ್ತಿದ್ದದ್ದು ಈ ವಿನಾಯಿತಿಯ ಅಡಿಯಲ್ಲಿ. ಅವನು ಹಳಿದದ್ದು ಗುಣವನ್ನಲ್ಲ, ರಬ್ಬರ್ ಸ್ಟಾಂಪನ್ನು.

ಧಾರವಾಡದ ಓದುಗ

ಮೇಷ್ಟ್ರ ತಕರಾರು ನ್ಯಾಯವಾದದ್ದು. ನನಗೆ ಬೇಕಾಗಿದ್ದ ಪದ ಶಿರಸ್ತೇದಾರರ ಮೇಜಿನ ಮೇಲೇ ಇತ್ತು. ಆ ಅಜ್ಜಿಯರ ಬಾಯಲ್ಲಿ ಬಂದದ್ದನ್ನು ಗಮನಿಸಲಿಲ್ಲ. ಆ ವಾಕ್ಯವನ್ನು ಹೀಗೆ ತಿದ್ದಿಕೊಂಡಿದ್ದೇನೆ, ಮುಂದಿನ ಕೂಟದಲ್ಲಿ ಇದನ್ನೇ ಓದುತ್ತೇನೆ: ಮಂಜೂರಾತಿಯು ನಿಷೇಧಕ್ಕೆ ವಿರುದ್ಧವಾದದ್ದಲ್ಲ, ಅದರದೇ ಖೋಟಾ ನಾಣ್ಯ, ನಿನ್ನ ದೇವರನ್ನು ನೀನು ಪೂಜಿಸಕೂಡದು ಎನ್ನುವವನೂ, ಹೋಗು, ಪೂಜಿಸಿಕೋ ಎಂದು ರುಜು ಹಾಕಿ ಕೊಡುವವನೂ ಕುಳಿತಿರುವುದು ಒಂದೇ ಕುರ್ಚಿಯಲ್ಲಿ. ಕುರ್ಚಿ ಮೂಲದಲ್ಲಿಲ್ಲ ಎಂದು ಮೇಷ್ಟ್ರು ಆಕ್ಷೇಪಿಸುವರೆಂದು ಬಲ್ಲೆ.